ಶಾಲು ಹೊದಿಸುವ ಮೊದಲು

2015ರ ಆಗಸ್ಟ್ 23. ವರ್ಲಿಯ ಎನ್‌ಎಸ್‌ಸಿಐ ಒಳಾಂಗಣದಲ್ಲಿ ಪ್ರೊ ಕಬಡ್ಡಿ ಫೈನಲ್, ಯು ಮುಂಬಾ ಎದುರು ಬೆಂಗಳೂರು ಬುಲ್ಸ್. ಡೊಂಬಿವಲಿಯ ನಮ್ಮ ಮನೆಯಲ್ಲಿ ಟಿವಿ ಮುಂದೆ ಕೂತವರಿಗೆ ಧರ್ಮಸಂಕಟ. ಬೆಂಗಳೂರು ಗೆಲ್ಲಲಿ ಎನ್ನೋಣವೆಂದರೆ ಮುಂಬೈ ತಂಡದಲ್ಲಿ ನಮ್ಮ ರಿಶಾಂಕ್ ದೇವಾಡಿಗ! ಮುಂಬೈ 36–30ರಿಂದ ಗೆದ್ದಿತು. ಅರ್ಧ ಗೆದ್ದು ಅರ್ಧ ಸೋತು ಊಟಕ್ಕೆ ಎದ್ದೆವು.

'ನಮ್ಮ' ಎಂದೆ. ಹೆಸರಿನ ಕೊನೆಗೆ ದೇವಾಡಿಗ ಎಂದು ಕಂಡರೆ ಸಾಕು, ಕರಾವಳಿಯವರಿಗೆ ನೆಂಟಸ್ತಿಕೆ ಬಂದುಬಿಡುತ್ತದೆ. ಆದರೆ ರಿಶಾಂಕ್ ಬೆಳೆದದ್ದು, ಆಟ ಕಲಿತದ್ದು ಮುಂಬೈಯಲ್ಲಿ. 2017ರಲ್ಲಿ ಯುಪಿ ಯೋಧಾ ಪರ ಜೈಪುರದ ವಿರುದ್ಧ ಒಂದೇ ಪಂದ್ಯದಲ್ಲಿ 28 ರೇಡ್ ಅಂಕ. 2018ರ ಜನವರಿಯಲ್ಲಿ ಅವರ ನಾಯಕತ್ವದಲ್ಲಿ ಮಹಾರಾಷ್ಟ್ರ 11 ವರ್ಷಗಳ ಬಳಿಕ ರಾಷ್ಟ್ರೀಯ ಚಾಂಪಿಯನ್ ಆಯಿತು. ಅದೇ ವರ್ಷ ಹರಾಜಿನಲ್ಲಿ 1.11 ಕೋಟಿ ರೂಪಾಯಿ.

ನಾವೆಲ್ಲ ಆ ಕೋಟಿಯ ಮಾತನ್ನೇ ಆಡಿದೆವು. ನನಗೆ ಮುಖ್ಯವಾಗಿ ಕಾಣುವುದು ಭಾರತ್ ಪೆಟ್ರೋಲಿಯಂನ ನೌಕರಿ. ಮುಂಬೈ ಕಬಡ್ಡಿ ಬೆಳೆದದ್ದು ಲಾಲ್‌ಬಾಗ್, ಪರೇಲ್‌ನ ಗಿರಣಿ ಕಾರ್ಮಿಕರ ಓಣಿಗಳಲ್ಲಿ. ಅದನ್ನು ಉಳಿಸಿದ್ದು ರೈಲ್ವೆ, ಬ್ಯಾಂಕು, ತೈಲ ಕಂಪನಿಗಳ ತಂಡಗಳು. ಮೊಣಕಾಲು ಕೈಕೊಟ್ಟರೂ ತಿಂಗಳ ಸಂಬಳ ನಿಲ್ಲುವುದಿಲ್ಲ ಎಂಬ ಧೈರ್ಯ ಇದ್ದವನು ಮಾತ್ರ ಎದುರಾಳಿಯ ಅಂಗಳಕ್ಕೆ ನಿಜವಾಗಿ ನುಗ್ಗಬಲ್ಲ.

ಇದು ನಮ್ಮಲ್ಲಿ ಮಾತ್ರ ಇರುವ ಕಥೆಯಲ್ಲ. ಇಂಗ್ಲೆಂಡಿನಲ್ಲಿ ರಗ್ಬಿ ಎರಡು ಹೋಳಾದದ್ದೇ ಈ ಕಾರಣಕ್ಕೆ. ಪಂದ್ಯಕ್ಕಾಗಿ ರಜೆ ಹಾಕಿದ ಗಿರಣಿ, ಗಣಿ ಕಾರ್ಮಿಕರಿಗೆ ಕಳೆದುಹೋದ ಕೂಲಿ ಕಟ್ಟಿಕೊಡಬೇಕೆಂದು ಉತ್ತರದ ಕ್ಲಬ್‌ಗಳು ಕೇಳಿದವು, ದೊಡ್ಡವರು ಒಪ್ಪಲಿಲ್ಲ. 1895ರಲ್ಲಿ ಹಡರ್ಸ್‌ಫೀಲ್ಡ್‌ನ ಹೋಟೆಲೊಂದರಲ್ಲಿ ಸಭೆ ಸೇರಿ ಬೇರೆಯಾದರು. ರಗ್ಬಿ ಲೀಗ್ ಹುಟ್ಟಿದ್ದು ಹಾಗೆ. ಜಗಳವೆಲ್ಲ ಒಂದು ದಿನದ ಕೂಲಿಯದು!

ನಮ್ಮ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಬೈಂದೂರು ಕಡೆಯ ಹುಡುಗನೊಬ್ಬ ಸಪ್ಲೈಯರ್ ಆಗಿದ್ದ. ಸಂಜೆ ಮಂಡಳದ ಅಂಗಳದಲ್ಲಿ ಕಬಡ್ಡಿ. ಪಂದ್ಯದ ದಿನ ಸಂಬಳ ಕಟ್. 'ಹೋಯ್ಲಿ ಬಿಡಿ ಸಾರ್, ಆಡುಕ್ ಆಯ್ತಲ್ದಾ' ಎನ್ನುತ್ತಿದ್ದ. ಒಂದು ದಿನ ಭುಜ ತಪ್ಪಿತು. ಟ್ರೇ ಎತ್ತಲಾಗದವನಿಗೆ ಹೋಟೆಲಿನಲ್ಲಿ ಏನು ಕೆಲಸ? ಒಂದು ವಾರ ಗಲ್ಲಾದ ಪಕ್ಕ ಕೂರಿಸಿದರು, ಆಮೇಲೆ ಊರಿನ ಬಸ್ಸು ಹತ್ತಿಸಿದರು. ಮಾಲೀಕರನ್ನು ದೂರಿ ಪ್ರಯೋಜನವಿಲ್ಲ, ಅವರದೂ ಬಾಡಿಗೆ ಜಾಗ.

ದೂರಬೇಕಾದದ್ದು ನನ್ನಂಥವರನ್ನು. ಅದಕ್ಕೂ ಹಿಂದಿನ ವರ್ಷ ನಮ್ಮ ಸಂಘದ ಸಭೆಯಲ್ಲಿ ಆಟ ಆಡುವ ಹುಡುಗರ ಚಿಕಿತ್ಸೆಗೆ, ತಪ್ಪಿದ ಸಂಬಳಕ್ಕೆ ಸಣ್ಣದೊಂದು ನಿಧಿ ಇಡೋಣ ಎಂದು ಹಿರಿಯರೊಬ್ಬರು ಎದ್ದು ಹೇಳಿದ್ದರು. ಶೇ. 90 ಅಂಕ ತೆಗೆದ ಮಕ್ಕಳಿಗೆ ಬಹುಮಾನ ಇದೆಯಲ್ಲ, ಸಾಕು ಎಂದವರಲ್ಲಿ ನಾನೂ ಒಬ್ಬ. ಬ್ಯಾಂಕಿನವನಲ್ಲವೇ, ಲೆಕ್ಕ ಬೇಗ ಮುಗಿಸಿದ್ದೆ. ಗೆದ್ದು ಬಂದವರಿಗೆ ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆಗೆ ಮಾತ್ರ ನಮ್ಮಲ್ಲಿ ಯಾವತ್ತೂ ದುಡ್ಡಿರುತ್ತದೆ. ಆ ಖರ್ಚಿನ ಅರ್ಧ ಸಾಕಿತ್ತು, ಭುಜ ಕೂಡುವವರೆಗೆ ಹುಡುಗ ಇಲ್ಲೇ ಇರುತ್ತಿದ್ದ.

ಬರುವ ಭಾನುವಾರ ಮಹಾಸಭೆ ಇದೆ. ಆ ಹಿರಿಯರಿಗೆ ಫೋನ್ ಮಾಡಿ, ನಿಧಿಯ ವಿಷಯ ಮತ್ತೆ ಎತ್ತಿ, ಈ ಸಲ ಅನುಮೋದಿಸುವವನು ನಾನು ಎಂದಿದ್ದೇನೆ. 'ಈಗ ನೆನಪಾಯಿತಾ ಮಾರಾಯಾ?' ಎಂದರು.