ಆವಣಿ ಜಾತ್ರೆಗೆ ಹೋಗೋಣ, ಮನೆಯಲ್ಲಿ ಏನು ಹೇಳೋಣ?

‘ರೋಡ್ ಟ್ರಿಪ್’ ಅಂದ ಕೂಡಲೇ ನಮ್ಮ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬರುವ ಹೆಸರುಗಳು ಗೋಕರ್ಣ, ಚಿಕ್ಕಮಗಳೂರು, ಪಾಂಡಿಚೇರಿ. ಕೆಲಸ ಸಿಕ್ಕಿದವರು ಲಡಾಖ್ ಅನ್ನುತ್ತಾರೆ. ಗ್ರೂಪಿಗೆ ಹೊಸ ಹೆಸರಿಡುತ್ತೇವೆ, ಎರಡು ದಿನ ಫೋಟೊಗಳು ಹರಿದಾಡುತ್ತವೆ, ಹೊರಡುವ ವಾರ ಒಬ್ಬೊಬ್ಬರೇ ಕಳಚಿಕೊಳ್ಳುತ್ತಾರೆ. ಒಬ್ಬನಿಗೆ ದುಡ್ಡಿಲ್ಲ, ಇನ್ನೊಬ್ಬನಿಗೆ ಇಂಟರ್‌ವ್ಯೂ, ಹುಡುಗಿಯರಿಗೆ ಮನೆಯಲ್ಲಿ ಒಪ್ಪಿಗೆ ಇಲ್ಲ. ಪದವಿ ಮುಗಿಸಿ ಕೆಲಸ ಹುಡುಕುತ್ತಿರುವ ನನ್ನ ಬಳಿ ಧಾರಾಳವಾಗಿ ಇರುವುದು ಸಮಯ ಒಂದೇ. ಹಾಗಾಗಿ ಈ ಸಲ ನಾನೇ ಒಂದು ಮಾತು ಇಟ್ಟೆ: ಮುಂದಿನ ಶಿವರಾತ್ರಿಗೆ ಆವಣಿ ಜಾತ್ರೆಗೆ ಹೋಗೋಣ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮಾಲೂರಿನ ಗೆಳತಿ ಕೇಳಿದಳು, ‘ಅಲ್ಲೇನಿದೆ? ದನ ತಾನೇ?’

ಹೌದು, ದನವೇ. ಆದರೆ ಆ ‘ತಾನೇ’ ನನಗೆ ಹಿಡಿಸಲಿಲ್ಲ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟು ಮನೆಗಳಲ್ಲಿ ಮಕ್ಕಳ ಕಾಲೇಜು ಫೀಸು ಕಟ್ಟಿದ್ದು ಡೇರಿ ಬಟವಾಡೆಯ ದುಡ್ಡಿನಿಂದ ಅಂತ ನಮಗೆಲ್ಲ ಗೊತ್ತು. ಬೆಳಗಿನ ಜಾವ ಅಮ್ಮಂದಿರು ಹಾಲು ಕರೆದು ಕ್ಯಾನ್ ಹೊತ್ತು ಡೇರಿ ಮುಂದೆ ನಿಂತಿದ್ದರಿಂದಲೇ ನಾವು ಡಿಗ್ರಿ ಮುಗಿಸಿದ್ದು. ಹಾಲಿನ ಸೀಮೆಹಸು ಬೇರೆ, ಜಾತ್ರೆಯ ನಾಟಿ ಎತ್ತು ಬೇರೆ ನಿಜ. ಆದರೆ ಹಳ್ಳಿಕಾರ್ ಜೋಡಿಯೊಂದನ್ನು ಹತ್ತಿರದಿಂದ ನೋಡದೆ ಕೋಲಾರದವರು ಅಂತ ಹೇಳಿಕೊಂಡು ಓಡಾಡುವ ತಲೆಮಾರು ಬಹುಶಃ ನಮ್ಮದೇ ಮೊದಲು.

ದನಗಳ ಜಾತ್ರೆ ಒಂದು ತೆರೆದ ಮಾರುಕಟ್ಟೆ. ಎತ್ತಿನ ವಯಸ್ಸನ್ನು ಹಲ್ಲು ನೋಡಿ ಹೇಳುತ್ತಾರೆ: ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು. ವ್ಯಾಪಾರ ಕುದುರಿಸುವಾಗ ಟವೆಲ್ ಕೆಳಗೆ ಬೆರಳು ಹಿಡಿದು ದರ ಹೇಳುವ ಪದ್ಧತಿ ಇನ್ನೂ ಅಲ್ಲಲ್ಲಿ ಇದೆ. ಪಕ್ಕದಲ್ಲಿ ನಿಂತವರಿಗೆ ಕೂಡ ರೇಟು ಗೊತ್ತಾಗುವುದಿಲ್ಲ. ನಮ್ಮದು ಗಡಿ ಸೀಮೆ, ಚೌಕಾಸಿ ಅರ್ಧ ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ ನಡೆಯುತ್ತದೆ. ಬಿ.ಕಾಂ.ನಲ್ಲಿ ಮೂರು ವರ್ಷ ಮಾರ್ಕೆಟಿಂಗ್ ಓದಿದ ನನಗೆ ಈ ಬೆರಳಿನ ಭಾಷೆ ಬಗ್ಗೆ ಯಾರೂ ಒಂದು ಮಾತು ಹೇಳಿರಲಿಲ್ಲ.

ಆದರೆ ಎಷ್ಟು ದಿನ ಇದು ಉಳಿದೀತು? ಉಳುಮೆಗೆ ಟ್ರ್ಯಾಕ್ಟರ್ ಬಂದು ಎಷ್ಟೋ ಕಾಲವಾಯಿತು. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ರಾಜ್ಯದಲ್ಲಿ ದನಗಳ ಸಂತೆ, ಜಾತ್ರೆಗಳಿಗೆ ನಿರ್ಬಂಧ ಬಿತ್ತು. ಅದಕ್ಕೂ ಮೊದಲು ಕೊರೊನಾ. ಒಂದು ವರ್ಷ ಎತ್ತು ಕಟ್ಟದ ರೈತ ಮರುವರ್ಷ ಕಟ್ಟುತ್ತಾನೆ ಎಂಬ ಖಾತ್ರಿ ಇಲ್ಲ. ನೋಡುವುದಿದ್ದರೆ ಈಗಲೇ ನೋಡಬೇಕು.

ಇನ್ನೊಂದು ಕಾರಣ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಿಗೆ. ಲೈಬ್ರರಿಯಲ್ಲಿ ಕೂತು ‘ನೊಳಂಬರ ರಾಜಧಾನಿ ಹೇಮಾವತಿ’ ಎಂದು ಬಾಯಿಪಾಠ ಮಾಡುತ್ತೇವೆ. ಅದೇ ನೊಳಂಬರ ಕಾಲದ ಗುಡಿಗಳ ಸಾಲು ಮುಳಬಾಗಿಲಿನಿಂದ ಸುಮಾರು 13 ಕಿ.ಮೀ. ದೂರದಲ್ಲಿ ನಿಂತಿದೆ. ಆವಣಿಯಲ್ಲಿ ಒಂದೇ ಪ್ರಾಕಾರದೊಳಗೆ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಗುಡಿಗಳಿವೆ. ಅಣ್ಣತಮ್ಮಂದಿರೆಲ್ಲ ಒಂದೇ ಕಾಂಪೌಂಡಿನಲ್ಲಿ, ಜಗಳವಿಲ್ಲದೆ! 10ನೇ ಶತಮಾನದಲ್ಲಿ ಇಲ್ಲಿದ್ದ ತ್ರಿಭುವನಕರ್ತ ಎಂಬ ಗುರು 40 ವರ್ಷ ಈ ಸ್ಥಳ ನೋಡಿಕೊಂಡು 50 ದೇವಾಲಯ, 2 ದೊಡ್ಡ ಕೆರೆ ಕಟ್ಟಿಸಿದ ಎಂದು ಶಾಸನ ಹೇಳುತ್ತದೆ. ಗುಡಿಗಿಂತ ನನಗೆ ಆ ಎರಡು ಕೆರೆಗಳ ಮೇಲೆ ಕುತೂಹಲ ಜಾಸ್ತಿ. ನದಿಯಿಂದ ಹೊಲಕ್ಕೆ ನೀರು ಬರದ ಜಿಲ್ಲೆ ನಮ್ಮದು, ಕೆರೆಯೇ ಎಲ್ಲ.

ಊರ ಪಕ್ಕದ ಬೆಟ್ಟದ ಮೇಲೆ ಸೀತಮ್ಮನ ಗುಡಿ. ವಾಲ್ಮೀಕಿ ಆಶ್ರಮ ಇಲ್ಲೇ ಇತ್ತು, ಲವಕುಶರು ಹುಟ್ಟಿದ್ದು ಇಲ್ಲೇ ಎಂಬುದು ಸ್ಥಳದ ನಂಬಿಕೆ. ಬಂಡೆಗಳ ಮೇಲೆ ಹತ್ತಬೇಕು, ಬಿಸಿಲೇರುವ ಮುಂಚೆ ಹತ್ತಿ ಇಳಿಯುವುದು ವಾಸಿ.

ದಾರಿ ಹೀಗೆ ಯೋಚಿಸಿದ್ದೇವೆ. ಮಾಲೂರಿನವರು ನರಸಾಪುರದ ಕಡೆಯಿಂದ ಬಂದು ಹೆದ್ದಾರಿ ಸೇರಿ ಕೋಲಾರಕ್ಕೆ. ಅಲ್ಲಿಂದ ಮುಳಬಾಗಿಲು ಸುಮಾರು 30 ಕಿ.ಮೀ. ಶ್ರೀನಿವಾಸಪುರದವರು ನೇರ ಮುಳಬಾಗಿಲಿಗೆ ಬರುತ್ತಾರೆ. ಮುಳಬಾಗಿಲಿನಲ್ಲಿ ದೋಸೆ ತಿನ್ನದೆ ಮುಂದೆ ಹೋಗುವ ಮಾತಿಲ್ಲ, ಇದರಲ್ಲಿ ಮಾತ್ರ ಗ್ರೂಪಿನಲ್ಲಿ ಭಿನ್ನಾಭಿಪ್ರಾಯ ಬರಲಿಲ್ಲ. ಆವಣಿ ಮುಗಿಸಿ ಸಂಜೆಗೆ ಕುರುಡುಮಲೆ. ಹದಿಮೂರೂವರೆ ಅಡಿಯ ಏಕಶಿಲಾ ಗಣೇಶ, ಚುನಾವಣೆ ಬಂದರೆ ದೊಡ್ಡ ದೊಡ್ಡ ನಾಯಕರು ಪ್ರಚಾರ ಶುರು ಮಾಡುವುದು ಇವನ ಎದುರೇ. ಹಾಲ್ ಟಿಕೆಟ್ ಇಟ್ಟು ಪೂಜೆ ಮಾಡಿಸಲು ನಮ್ಮಂಥವರಿಗೂ ಜಾಗ ಇದ್ದೇ ಇರುತ್ತದೆ. ಅಲ್ಲೇ ಇರುವ ಸೋಮೇಶ್ವರ ಗುಡಿಯ ಅರ್ಧವನ್ನು ಜಕಣಾಚಾರಿ, ಇನ್ನರ್ಧವನ್ನು ಮಗ ಡಂಕಣ ಕಟ್ಟಿದ ಅನ್ನುವ ಕಥೆ ಇದೆ. ವಾಪಸ್ ಶ್ರೀನಿವಾಸಪುರದ ಮೇಲೆ ಬಂದರೆ ರಸ್ತೆಯ ಎರಡೂ ಬದಿ ಮಾವಿನ ತೋಪು. ಶಿವರಾತ್ರಿ ಹೊತ್ತಿಗೆ ಹೂವು ಉದುರಿ ಹೀಚು ಕಟ್ಟುವ ಕಾಲ. ಕೋಟಿಲಿಂಗ, ಅಂತರಗಂಗೆ ಆ ದಿನ ಬೇಡ. ಶಿವರಾತ್ರಿಯ ಜನಜಂಗುಳಿಯಲ್ಲಿ ಗಾಡಿ ನಿಲ್ಲಿಸಲೂ ಆಗುವುದಿಲ್ಲ.

ಒಟ್ಟು 200 ಕಿ.ಮೀ. ಒಳಗೇ. ಬೈಕಿನಲ್ಲಿ ಇಬ್ಬರು ಹೋದರೆ ಪೆಟ್ರೋಲು ತಲೆಗೆ 250 ರೂಪಾಯಿ. ಹಿಂದೆ ಕೂರುವವರಿಗೂ ಹೆಲ್ಮೆಟ್ ಬೇಕು, ಮುಳಬಾಗಿಲು ಹೆದ್ದಾರಿಯಲ್ಲಿ ಲಾರಿಗಳದ್ದೇ ರಾಜ್ಯ. ಮಾಲೂರಿನ ಹತ್ತಿರ ಹಾದುಹೋಗುವ ಹೊಸ ಎಕ್ಸ್‌ಪ್ರೆಸ್‌ವೇ ಖಾಲಿ ಕಾಣುತ್ತದೆ ಅಂತ ಯಾರೂ ಬೈಕ್ ಹತ್ತಿಸಬೇಡಿ. ಅಲ್ಲಿ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ.

ಈಗ ಮನೆಯ ವಿಷಯ. ತಮ್ಮ ‘ಜಾತ್ರೆಗೆ ಹೋಗಿ ಬರ್ತೀನಿ’ ಅಂದರೆ ‘ಹುಷಾರು’ ಅನ್ನುತ್ತಾರೆ. ನಾನು ಅಂದರೆ ‘ಯಾರ ಜೊತೆ, ಎಷ್ಟೊತ್ತಿಗೆ ಬರ್ತೀಯ, ಕೆಲಸ ಹುಡುಕೋದು ಬಿಟ್ಟು ಇದೇನು’ ಎಂಬ ಮೂರು ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಇದೆ. ಮೂರನೆಯದಕ್ಕೆ, ಒಂದು ದಿನ ಊರು ಬಿಟ್ಟರೆ ಕೆಲಸ ಎಲ್ಲಿಗೂ ಓಡಿಹೋಗುವುದಿಲ್ಲ ಅಂತ ಹೇಳಬಹುದು. ಕಷ್ಟ ಇರುವುದು ಎರಡನೆಯದರಲ್ಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಸಾಮಾನ್ಯ ಸಾರಿಗೆ ಬಸ್ ಉಚಿತ. ದುಡ್ಡಿನ ಅಡ್ಡಿ ಹೋಯಿತು. ಆದರೆ ಟಿಕೆಟ್ ಉಚಿತವಾದ ಮಾತ್ರಕ್ಕೆ ಹಳ್ಳಿಯಿಂದ ವಾಪಸ್ ಬರುವ ಸಂಜೆಯ ಬಸ್ಸು ಹುಟ್ಟುವುದಿಲ್ಲ. ಯಾವುದೇ ಊರಿನ ಜಾತ್ರೆಗೆ ಹೋಗಿ ಬಂದ ಹೆಣ್ಣುಮಕ್ಕಳನ್ನು ಕೇಳಿ, ಬೆಳಗಿನಿಂದ ನೀರು ಕುಡಿಯದೆ ಇದ್ದೆ ಅನ್ನುವವರು ಸಿಗುತ್ತಾರೆ. ನೀರು ಕುಡಿದರೆ ಶೌಚಾಲಯ ಹುಡುಕಬೇಕಲ್ಲ, ಅದಕ್ಕೆ.

ಇದನ್ನು ‘ಹುಡುಗಿಯರ ಸಮಸ್ಯೆ’ ಎಂದು ಪಕ್ಕಕ್ಕೆ ಇಡುವುದು ನನಗೆ ಒಪ್ಪಿಗೆಯಿಲ್ಲ. ಜಾತ್ರೆಯಲ್ಲಿ ಎತ್ತಿಗೆ ನೀರಿನ ತೊಟ್ಟಿ ಬೇಕು, ಪಶುವೈದ್ಯರು ಬೇಕು ಎಂದು ಎಲ್ಲರೂ ಕೇಳುತ್ತಾರೆ. ಕೇಳಲೇಬೇಕು. ಅದೇ ಪಟ್ಟಿಯಲ್ಲಿ ನಾಲ್ಕು ತಾತ್ಕಾಲಿಕ ಶೌಚಾಲಯ, ಬಸ್ಸು ನಿಲ್ಲುವ ಕಡೆ ದೀಪ, ರಾತ್ರಿ ಎಂಟಕ್ಕೆ ಮುಳಬಾಗಿಲಿಗೆ ಒಂದು ವಿಶೇಷ ಬಸ್ಸು ಸೇರಿಸಿದರೆ ಖರ್ಚು ಎಷ್ಟಾದೀತು? ನಮ್ಮ ಕಾಲೇಜುಗಳ ಎನ್‌ಎಸ್‌ಎಸ್ ಘಟಕಗಳು ಜಾತ್ರೆಯ ದಿನ ಅಲ್ಲಿ ಒಂದು ಮಾಹಿತಿ ಕೇಂದ್ರ ಇಟ್ಟು ಕೂರಬಹುದು. ಗುಡಿಗಳ ಬಗ್ಗೆ ನಾಲ್ಕು ಮಾತು ಹೇಳಲು ಇತಿಹಾಸದ ವಿದ್ಯಾರ್ಥಿಗಳಿಗೆ ಅದಕ್ಕಿಂತ ಒಳ್ಳೆಯ ಪ್ರಾಕ್ಟಿಕಲ್ ಎಲ್ಲಿ ಸಿಗುತ್ತದೆ?

2027ರಲ್ಲಿ ಶಿವರಾತ್ರಿ ಮಾರ್ಚ್ 6ಕ್ಕೆ, ಶನಿವಾರ. ದನಗಳು ಅದಕ್ಕೂ ಕೆಲವು ದಿನ ಮೊದಲೇ ಸೇರುತ್ತವೆ, ಆದ್ದರಿಂದ ಎತ್ತು ನೋಡಬೇಕಾದವರು ತೇರಿನ ದಿನಕ್ಕಾಗಿ ಕಾಯಬಾರದು. ಬಸ್ಸು, ಶೌಚಾಲಯ, ದೀಪದ ಬಗ್ಗೆ ಮನವಿಯೊಂದನ್ನು ಬರೆದಿದ್ದೇವೆ. ಮೊದಲ ಸಹಿ ಹಾಕಿದ್ದು, ‘ದನ ತಾನೇ’ ಅಂದಿದ್ದ ಮಾಲೂರಿನ ಗೆಳತಿ. ಎರಡನೆಯದು ನನ್ನ ಅಮ್ಮನದು. ಬರುವಾಗ ಹಸುವಿಗೆ ಒಂದು ಒಳ್ಳೆಯ ಹಗ್ಗ ತಗೊಂಡು ಬಾ ಅಂದಿದ್ದಾಳೆ.