ಊರನ್ನು ಒಂದು ಸುತ್ತು ನಡೆದು ನೋಡೋಣ

ನಮ್ಮಲ್ಲಿ ಹೆಚ್ಚಿನವರಿಗೆ ಮಂಗಳೂರು ಎಂದರೆ ಒಂದು ಗೆರೆ ಅಷ್ಟೆ. ಮನೆ, ಬಸ್ಸು, ಕಾಲೇಜು, ಟ್ಯೂಷನ್, ಮತ್ತೆ ಅದೇ ಬಸ್ಸು. ಎರಡು ವರ್ಷ ಈ ಗೆರೆಯ ಮೇಲೆ ಓಡಾಡಿ ಪಿಯುಸಿ ಮುಗಿಸುತ್ತೇವೆ. ಬಸ್ಸಿನ ಕಿಟಕಿಯಿಂದ ಕಂಡಷ್ಟನ್ನೇ 'ನಮ್ಮೂರು' ಎನ್ನುತ್ತೇವೆ. ಇದು ಬದಲಾಗಬೇಕು. ವರ್ಷಕ್ಕೆ ಎರಡು ಬಾರಿಯಾದರೂ ನಮ್ಮ ಕಾಲೇಜು ವಿದ್ಯಾರ್ಥಿಗಳನ್ನು ಕಾಲ್ನಡಿಗೆಯಲ್ಲಿ ಊರು ಸುತ್ತಿಸಬೇಕು ಎಂಬುದು ನನ್ನ ಅಭಿಪ್ರಾಯ.

ಇಂಗ್ಲೆಂಡಿನ ಹಳ್ಳಿಗಳಲ್ಲಿ ಇಂಥ ನಡಿಗೆ ಹಳೆಯ ರೂಢಿ. ಹಳ್ಳಿಯಿಂದ ಹೊರಟು ಹೊಲ, ತೋಡು, ಗುಡ್ಡ ದಾಟಿ, ಬೇರೊಂದು ದಾರಿಯಲ್ಲಿ ಅದೇ ಹಳ್ಳಿಗೆ ಮರಳುತ್ತಾರೆ. ಅನೇಕ ಕಾಲುದಾರಿಗಳು ಖಾಸಗಿ ಹೊಲದ ನಡುವೆಯೇ ಹೋಗುತ್ತವೆ, ಆದರೂ ಅಲ್ಲಿ ನಡೆಯಲು ಜನರಿಗೆ ಕಾನೂನಿನ ಹಕ್ಕಿದೆ. ಗುಡ್ಡಗಳ ಮೇಲೆ ನಡೆಯುವ ಹಕ್ಕು ಮಾತ್ರ ಸುಲಭವಾಗಿ ಸಿಗಲಿಲ್ಲ. 1932ರ ಏಪ್ರಿಲ್ 24ರಂದು ನೂರಾರು ಯುವ ಕಾರ್ಮಿಕರು ಹೇಫೀಲ್ಡ್ ಎಂಬ ಹಳ್ಳಿಯಿಂದ ಹೊರಟು, ನಿಷೇಧ ಮೀರಿ ಕಿಂಡರ್ ಸ್ಕೌಟ್ ಗುಡ್ಡ ಹತ್ತಿದರು. ಅವರಲ್ಲಿ ಐವರು ಜೈಲಿಗೆ ಹೋದರು. ತೆರೆದ ಗುಡ್ಡಗಾಡಿನಲ್ಲಿ ಎಲ್ಲರೂ ನಡೆಯಬಹುದೆಂಬ ಕಾನೂನು ಬಂದದ್ದು 2000ದಲ್ಲಿ. ನಮ್ಮ ಕಾಲ ಕೆಳಗೆ ಅದಕ್ಕಿಂತ ಹಳೆಯ ಚರಿತ್ರೆ ಇದೆ. ನಡೆಯುವವರಿಲ್ಲ.

ನಾನು ಸೂಚಿಸುವ ಸುತ್ತು ಬಂದರಿನ ಝೀನತ್ ಬಕ್ಷ್ ಜುಮ್ಮಾ ಮಸೀದಿಯಿಂದ ಆರಂಭವಾಗುತ್ತದೆ. ಹಿಜರಿ 22ರಲ್ಲಿ ಇದು ಸ್ಥಾಪನೆಯಾಯಿತೆಂದು ಹಿರಿಯರು ಹೇಳುತ್ತಾರೆ. ಒಳಗಿನ ಮರದ ಕೆತ್ತನೆ ನೋಡಲೇಬೇಕು. ಪಕ್ಕದ ದಕ್ಕೆಯಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳು ಹೊರಡುತ್ತವೆ. ಇಲ್ಲಿನ ಕಡಲ ವ್ಯಾಪಾರ ಇಂದು ನಿನ್ನೆಯದಲ್ಲ. 12ನೇ ಶತಮಾನದಲ್ಲಿ ಟುನೀಷಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಹಲವು ವರ್ಷ ಈ ಊರಲ್ಲೇ ಬಾಳಿದ್ದ. ಅವನ ಪತ್ರಗಳು ಕೈರೋದಲ್ಲಿ ಸಿಕ್ಕಿವೆ. 14ನೇ ಶತಮಾನದಲ್ಲಿ ಬಂದ ಇಬ್ನ್ ಬತೂತ ಈ ಊರನ್ನು 'ಮಂಜರೂರ್' ಎಂದು ಕರೆದು, ಫಾರ್ಸ್ ಮತ್ತು ಯೆಮನ್‌ನ ವ್ಯಾಪಾರಿಗಳು ಇಲ್ಲಿ ಇಳಿಯುತ್ತಾರೆಂದು ಬರೆದ.

ಬಂದರಿನಿಂದ ರಥಬೀದಿಯ ವೆಂಕಟರಮಣ ದೇವಸ್ಥಾನದ ಮುಂದಾಗಿ ಕುದ್ರೋಳಿಗೆ ಹೋಗೋಣ. ದೇವಾಲಯಗಳಿಂದ ಹೊರಗಿಡಲ್ಪಟ್ಟವರಿಗಾಗಿ 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಗೋಕರ್ಣನಾಥ ಕ್ಷೇತ್ರ ಅಲ್ಲಿದೆ. ಮುಂದೆ ಬೋಳೂರಿನಲ್ಲಿ ಫಲ್ಗುಣಿ ನದಿಯ ದಡದ ಸುಲ್ತಾನ್ ಬತ್ತೇರಿ. ಶತ್ರುಗಳ ಹಡಗು ನದಿಯೊಳಗೆ ನುಗ್ಗದಂತೆ ಕಾಯಲು 1784ರಲ್ಲಿ ಟಿಪ್ಪು ಕಟ್ಟಿಸಿದ ಕರಿಕಲ್ಲಿನ ಕಾವಲು ಗೋಪುರ ಇದು. ಅದೇ ವರ್ಷದ ಮಾರ್ಚ್ 11ರಂದು ಟಿಪ್ಪುವಿಗೂ ಈಸ್ಟ್ ಇಂಡಿಯಾ ಕಂಪೆನಿಗೂ ಮಂಗಳೂರು ಒಪ್ಪಂದವಾಯಿತು. ಪರೀಕ್ಷೆಗೆಂದು ನಾವು ಬಾಯಿಪಾಠ ಮಾಡುವ ಇಸವಿಗೆ ಇಲ್ಲಿ ಕಲ್ಲಿನ ಸಾಕ್ಷಿ ಇದೆ.

ಮರಳುವಾಗ ಮಣ್ಣಗುಡ್ಡೆಯ ಕಡೆಯಿಂದ ಬಾವುಟಗುಡ್ಡೆ ಹತ್ತೋಣ. ಸುತ್ತಿನಲ್ಲಿ ಏದುಸಿರು ಬರುವ ಏರು ಇದೊಂದೇ. 1837ರಲ್ಲಿ ಕಂಪೆನಿಯ ವಿರುದ್ಧ ಎದ್ದ ರೈತರು ತಮ್ಮ ಬಾವುಟ ಹಾರಿಸಿದ್ದು ಇಲ್ಲಿ. ಆಂಟೋನಿಯೊ ಮೊಸ್ಕೇನಿ ಗೋಡೆ, ಮಾಡುಗಳ ತುಂಬ ಚಿತ್ರ ಬಿಡಿಸಿದ ಸಂತ ಅಲೋಶಿಯಸ್ ಚಾಪೆಲ್ ಕೂಡ ಇದೇ ಗುಡ್ಡೆಯಲ್ಲಿದೆ. ಹಂಪನಕಟ್ಟೆಗೆ ಇಳಿದು, 1568ರಷ್ಟು ಹಳೆಯ ಮೂಲದ ರೊಸಾರಿಯೊ ಚರ್ಚ್ ನೋಡಿ, ಸ್ಟೇಟ್ ಬ್ಯಾಂಕ್ ದಾಟಿದರೆ ಮತ್ತೆ ಬಂದರು. ಒಟ್ಟು ಹತ್ತು ಕಿಲೋಮೀಟರ್ ಆಸುಪಾಸು. ನಿಂತು ನೋಡುತ್ತಾ ಹೋದರೂ ಅರ್ಧ ದಿನ ಸಾಕು.

ಇಷ್ಟು ದೂರದಲ್ಲಿ ಬ್ಯಾರಿ, ತುಳು, ಕೊಂಕಣಿ, ಕನ್ನಡ ನಾಲ್ಕೂ ಕಿವಿಗೆ ಬೀಳುತ್ತವೆ. ಆದರೆ ನಾವು 'ನಮ್ಮ ಏರಿಯಾ', 'ಅವರ ಏರಿಯಾ' ಎಂದು ಮಾತಾಡಲು ಕಲಿತಿದ್ದೇವೆ. ಕಾಲಿಡದ ಬೀದಿಯ ಬಗ್ಗೆ ಮೊಬೈಲಿನಲ್ಲಿ ಏನು ಬಂದರೂ ನಂಬುತ್ತೇವೆ. ಒಮ್ಮೆ ಆ ಬೀದಿಯಲ್ಲಿ ನಡೆದು, ಅಲ್ಲಿನ ಅಂಗಡಿಯಲ್ಲಿ ನೀರು ಕೇಳಿ ಕುಡಿದವರು ಅಷ್ಟು ಸುಲಭವಾಗಿ ನಂಬುವುದಿಲ್ಲ. ಒಂದು ನಡಿಗೆಯಿಂದ ಊರಿನ ಬಿರುಕು ಮುಚ್ಚುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಪಕ್ಕದ ಬೀದಿಯ ಭಯ ಕಡಿಮೆಯಾದರೂ ಅದು ದೊಡ್ಡ ಲಾಭ.

ಹುಡುಗಿಯರ ವಿಷಯ ಬೇರೆಯಾಗಿಯೇ ಹೇಳಬೇಕು. ನಮ್ಮ ಅಣ್ಣತಮ್ಮಂದಿರು ಬೈಕ್ ಹತ್ತಿ ಬತ್ತೇರಿಗೆ ಹೋಗಿ ಬರುತ್ತಾರೆ. ನಮಗೆ ಕೆಲಸವಿಲ್ಲದೆ ಬೀದಿಗೆ ಇಳಿಯುವ ಅವಕಾಶವೇ ಕಡಿಮೆ. ಉಮ್ಮಂದಿರ ಆತಂಕ ಸುಳ್ಳಲ್ಲ. ಅದಕ್ಕೇ ಇದನ್ನು ಕಾಲೇಜೇ ನಡೆಸಬೇಕು. ಉಪನ್ಯಾಸಕಿಯರು ಜೊತೆಗಿದ್ದು, ಇಪ್ಪತ್ತು ಮೂವತ್ತು ಮಂದಿಯ ಗುಂಪಾಗಿ ಹೊರಟರೆ ಯಾವ ಮನೆಯವರೂ ಬೇಡ ಎನ್ನಲಾರರು.

ಬಿಸಿಲು, ಮಳೆ, ಸಿಇಟಿ, ನೀಟ್ ಎಂಬ ಆಕ್ಷೇಪಗಳು ಬರುತ್ತವೆ. ಡಿಸೆಂಬರಿನ ಒಂದು ಭಾನುವಾರ, ಸುಬಹಿ ನಮಾಝ್ ಮುಗಿಸಿ ಹೊರಟರೆ ಬಿಸಿಲೇರುವ ಮೊದಲೇ ಹೆಚ್ಚಿನ ದಾರಿ ಸವೆದಿರುತ್ತದೆ. ಒಂದು ಬೆಳಗ್ಗೆಯಿಂದ ಯಾರ ರ್‍ಯಾಂಕೂ ತಪ್ಪಿಹೋಗದು. ಉಳಿಯುವ ನಿಜವಾದ ತೊಂದರೆ ರಸ್ತೆಯದ್ದು. ಎಷ್ಟೋ ಕಡೆ ಫುಟ್‌ಪಾತ್ ಇಲ್ಲ. ಇದ್ದಲ್ಲಿ ಚಪ್ಪಡಿ ಒಡೆದಿದೆ, ಇಲ್ಲವೇ ಸ್ಕೂಟರ್ ನಿಂತಿದೆ. ಇದು ನಡೆಯದಿರಲು ಕಾರಣವಾಗಬಾರದು. ನಡೆಯುತ್ತಲೇ ಎಲ್ಲೆಲ್ಲಿ ದಾರಿ ಕೆಟ್ಟಿದೆ ಎಂದು ಬರೆದುಕೊಂಡು ನಗರಪಾಲಿಕೆಗೆ ಕೊಡೋಣ. ನಡೆಯುವವರೇ ಇಲ್ಲದ ಊರಿಗೆ ಫುಟ್‌ಪಾತ್ ಕಟ್ಟಲು ಯಾರಿಗೂ ಅವಸರವಿರುವುದಿಲ್ಲ.

ಪ್ರಾಂಶುಪಾಲರಲ್ಲಿ ಮತ್ತು ಇತಿಹಾಸ ವಿಭಾಗದವರಲ್ಲಿ ನನ್ನ ವಿನಂತಿ ಇಷ್ಟೆ: ಒಂದು ದಿನ ಗೊತ್ತುಮಾಡಿ ಕೊಡಿ. ದಾರಿಯ ನಕ್ಷೆ ಬಿಡಿಸುವ, ಪ್ರತಿ ಜಾಗದ ವಿವರ ಬರೆಯುವ, ಹೆಸರು ನೋಂದಾಯಿಸುವ ಕೆಲಸ ನಾವು ವಿದ್ಯಾರ್ಥಿಗಳೇ ಮಾಡುತ್ತೇವೆ.