ಕಪಾಟಿನಲ್ಲಿ ಉಳಿದ ಪುಸ್ತಕ

ಮಲೆನಾಡಿನ ಜನ ಗ್ರಾಮ ಪಂಚಾಯಿತಿ ಕಚೇರಿಗೆ ಹೋಗುವುದು ಯಾವಾಗ? ನಲ್ಲಿಯಲ್ಲಿ ನೀರು ಬಾರದಿದ್ದಾಗ, ಬೀದಿದೀಪ ಕೆಟ್ಟಾಗ, ಮನೆ ಕಂದಾಯದ ರಸೀದಿ ಬೇಕಾದಾಗ, ಫಲಾನುಭವಿಗಳ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದಾಗ. ಇವೆಲ್ಲ ನ್ಯಾಯವಾದ ಕೆಲಸಗಳೇ. ಆದರೆ ಅದೇ ಕಚೇರಿಯ ಕಪಾಟಿನಲ್ಲಿ ಇರಬೇಕಾದ ಇನ್ನೊಂದು ಪುಸ್ತಕವನ್ನು ಕೇಳಿಕೊಂಡು ಹೋಗುವವರು ವಿರಳ. ಅದರ ಹೆಸರು ಜನತಾ ಜೀವವೈವಿಧ್ಯ ದಾಖಲಾತಿ. ಪಂಚಾಯಿತಿಯ ಸೀಮೆಯೊಳಗೆ ಯಾವ ಮರ, ಯಾವ ಭತ್ತದ ತಳಿ, ಯಾವ ಮೀನು, ಯಾವ ನಾಟಿ ಔಷಧಿ ಇದೆ, ಅದರ ತಿಳಿವಳಿಕೆ ಯಾರಲ್ಲಿದೆ ಎಂಬುದನ್ನು ಊರಿನವರೇ ಹೇಳಿ ಬರೆಸಬೇಕಾದ ಪುಸ್ತಕವದು.

ಇದನ್ನು ಬರೆಸುವ ಹೊಣೆ ಜೀವವೈವಿಧ್ಯ ನಿರ್ವಹಣಾ ಸಮಿತಿಯದು. 2002ರ ಜೀವವೈವಿಧ್ಯ ಕಾಯ್ದೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಇಂಥ ಸಮಿತಿಯನ್ನು ರಚಿಸಬೇಕೆಂದಿತು. ಇದು ಕೇವಲ ಪಟ್ಟಿ ಮಾಡುವ ಸಮಿತಿಯಲ್ಲ. ಅದರ ಸೀಮೆಯ ಜೀವಸಂಪತ್ತಿನ ಬಳಕೆಯ ಬಗ್ಗೆ ನಿರ್ಧರಿಸುವಾಗ ರಾಷ್ಟ್ರೀಯ ಪ್ರಾಧಿಕಾರವೂ ರಾಜ್ಯ ಮಂಡಳಿಯೂ ಅದರ ಅಭಿಪ್ರಾಯ ಪಡೆಯಬೇಕೆಂದು ಕಾಯ್ದೆ ಹೇಳಿತು. ವ್ಯಾಪಾರಕ್ಕಾಗಿ ಸಂಗ್ರಹಿಸುವವರಿಂದ ಶುಲ್ಕ ವಸೂಲು ಮಾಡುವ ಅಧಿಕಾರವನ್ನೂ ಅದಕ್ಕೆ ಕೊಟ್ಟಿತು. ಗ್ರಾಮ ಮಟ್ಟದ ಸಂಸ್ಥೆಗೆ ಕಾಡಿನ ಮೇಲೆ ಇಷ್ಟು ಮಾತು ಕೊಟ್ಟ ಕಾನೂನುಗಳು ಈ ದೇಶದಲ್ಲಿ ಹೆಚ್ಚಿಲ್ಲ.

ಉಪ್ಪಾಗೆಯನ್ನೇ ನೋಡಬಹುದು. ಅಡುಗೆಯ ಹುಳಿಗೂ ತುಪ್ಪಕ್ಕೂ ಮಿತವಾಗಿ ಬಳಕೆಯಾಗುತ್ತಿದ್ದ ಈ ಹಣ್ಣಿನ ಸಿಪ್ಪೆಗೆ, ಬೊಜ್ಜು ಕರಗಿಸುವ ಔಷಧಿಯ ಹೆಸರಿನಲ್ಲಿ 1990ರ ದಶಕದಲ್ಲಿ ಹೊರದೇಶಗಳಿಂದ ಬೇಡಿಕೆ ಬಂದಿತು. ಹಣ್ಣಾಗುವುದು ಸುರಿಮಳೆಯ ಕಾಲದಲ್ಲಿ; ಬಿಸಿಲಿಲ್ಲದ ಕಾರಣ ಸಿಪ್ಪೆಯನ್ನು ಒಲೆಯ ಮೇಲೆ ಒಣಗಿಸಬೇಕು, ಅದಕ್ಕೆ ಕಟ್ಟಿಗೆ ರಾಶಿರಾಶಿಯಾಗಿ ಬೇಕು. ಬೇರೆಯವರು ಕೊಯ್ದಾರೆಂಬ ಅವಸರದಲ್ಲಿ ಬಲಿಯದ ಕಾಯಿಯನ್ನೇ ಕೊಯ್ಯುವುದು, ಕೊಂಬೆಯನ್ನೇ ಕಡಿದು ಉರುಳಿಸುವುದು ನಡೆಯಿತು. ಯಾವ ದಿನದಿಂದ ಕೊಯ್ಲು, ಎಷ್ಟು ಹಣ್ಣು ಮರದಲ್ಲೇ ಉಳಿಯಬೇಕು, ಸುಧಾರಿತ ಒಲೆಯಿಲ್ಲದವರು ಎಲ್ಲಿ ಒಣಗಿಸಬೇಕು ಎಂಬುದನ್ನು ತೀರ್ಮಾನಿಸಲು ಬೆಂಗಳೂರಿನ ತಜ್ಞರು ಬರಬೇಕಿಲ್ಲ. ಕೊಯ್ಯುವವರೇ ಒಂದು ಕಡೆ ಕುಳಿತರೆ ಅರ್ಧ ದಿನದ ಮಾತು. ಕುಳಿತುಕೊಳ್ಳಲು ಜಾಗವೂ ಕಾನೂನಿನಲ್ಲಿದೆ, ಖಾಲಿ ಉಳಿದಿದೆ.

ಸಮಿತಿಗಳು ಇಲ್ಲವೆಂದಲ್ಲ, ಕಾಗದದಲ್ಲಿ ಇವೆ. 2016ರಲ್ಲಿ ಹಸಿರು ನ್ಯಾಯಮಂಡಳಿಯ ಮುಂದೆ ಬಂದ ಪ್ರಕರಣವೊಂದರಲ್ಲಿ, 2020ರ ಜನವರಿ 31ರೊಳಗೆ ಎಲ್ಲೆಡೆ ಸಮಿತಿ ಮತ್ತು ದಾಖಲಾತಿ ಸಿದ್ಧವಾಗಬೇಕು, ತಪ್ಪಿದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕು ಎಂದು 2019ರಲ್ಲಿ ಆದೇಶವಾಯಿತು. ದಂಡದ ಭಯ ಹಲವು ಕಡೆ ಕೆಲಸ ಮಾಡಿತು. ವರ್ಷಾನುಗಟ್ಟಲೆ ಮಲಗಿದ್ದದ್ದು ಕೆಲವೇ ತಿಂಗಳಲ್ಲಿ ಪೂರೈಸಿತು. ಹೀಗೆ ಬರೆದ ದಾಖಲಾತಿಯಲ್ಲಿ 'ಮಾವು' ಎಂದಿದ್ದರೆ ಅದರಿಂದ ಯಾರಿಗೇನು ಪ್ರಯೋಜನ? ಹೊಳೆದಂಡೆಯ ಒಂದೊಂದು ಅಪ್ಪೆಮಿಡಿ ಮರಕ್ಕೂ ಬೇರೆಯೇ ಪರಿಮಳ, ಬೇರೆಯೇ ಸೊನೆ, ಉಪ್ಪಿನಲ್ಲಿ ಬೇರೆಯೇ ಬಾಳಿಕೆ. ಯಾವ ಹಳ್ಳದ ಯಾವ ತಿರುವಿನಲ್ಲಿ ಯಾವ ಮರವಿದೆ ಎಂಬುದು ದಾಖಲಾಗದಿದ್ದರೆ, ಮಿಡಿಗಾಗಿ ಟೊಂಗೆ ಕಡಿದು ಮರ ಸತ್ತಾಗ ಸತ್ತದ್ದೇನೆಂದೂ ಗೊತ್ತಾಗುವುದಿಲ್ಲ.

ಪಂಚಾಯಿತಿಯವರನ್ನೇ ದೂರಿ ಫಲವಿಲ್ಲ. ಸಂವಿಧಾನದ 11ನೆಯ ಅನುಸೂಚಿಯ 29 ವಿಷಯಗಳಲ್ಲಿ ಸಾಮಾಜಿಕ ಅರಣ್ಯವೂ ಕಿರು ಅರಣ್ಯ ಉತ್ಪನ್ನವೂ ಇವೆ. ಬರುವ ಹಣಕ್ಕೆ ಮಾತ್ರ ಮೊದಲೇ ಚೀಟಿ ಅಂಟಿರುತ್ತದೆ. 15ನೆಯ ಹಣಕಾಸು ಆಯೋಗದ ಅನುದಾನದಲ್ಲಿ, 2021ರಿಂದ ಮುಂದಿನ ಐದು ವರ್ಷಗಳಿಗೆ ಶೇಕಡ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಹಾಗಾಗಿ ಪೈಪಿಗೆ ಹಣವುಂಟು. ಪೈಪಿನ ತುದಿಯಲ್ಲಿರುವ ಅಬ್ಬಿಯನ್ನು ಕಾಯುವ ಕಾಡನ್ನು ಯಾರೂ ನೀರಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೇಲಿನ ಹಂತಗಳ ಕಥೆ ಇನ್ನೂ ಬೇಸರದ್ದು. 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಳ ಕಾಲ ಆಡಳಿತಾಧಿಕಾರಿಗಳೇ ನಡೆಸಿದರು. ನಜೀರ್ ಸಾಬರು 1983ರ ಕಾಯ್ದೆಯ ಮೂಲಕ ದೇಶಕ್ಕೇ ದಾರಿ ತೋರಿಸಿದ ರಾಜ್ಯವಿದು.

ಇನ್ನು ಪಶ್ಚಿಮಘಟ್ಟದ ವರದಿಗಳ ವಿಷಯ. 2011ರಲ್ಲಿ ಮಾಧವ ಗಾಡ್ಗೀಳರ ಸಮಿತಿ, ಗ್ರಾಮಸಭೆಗಳಲ್ಲಿ ಚರ್ಚಿಸಿಯೇ ಗಡಿ ಮತ್ತು ನಿಯಮಗಳು ಅಂತಿಮವಾಗಲಿ ಎಂದಿತು. 2013ರ ಕಸ್ತೂರಿರಂಗನ್ ವರದಿ ಕರ್ನಾಟಕದ 1,576 ಹಳ್ಳಿಗಳನ್ನು ಸೂಕ್ಷ್ಮ ಪ್ರದೇಶವೆಂದು ಹೆಸರಿಸಿದಾಗ ಮಲೆನಾಡಿನ ಪಂಚಾಯಿತಿಗಳು ವಿರೋಧದ ಠರಾವು ಬರೆದವು. 2024ರ ಜುಲೈಯಲ್ಲಿ ಆರನೆಯ ಕರಡು ಅಧಿಸೂಚನೆ ಬಂದಾಗ ರಾಜ್ಯ ಸಚಿವ ಸಂಪುಟವೂ ವರದಿಯನ್ನು ತಿರಸ್ಕರಿಸಿತು. ಊರಿನವರನ್ನು ಕೇಳದೆ ಗೆರೆ ಎಳೆಯಬಾರದೆಂಬ ಆಕ್ಷೇಪ ಸರಿಯಾದದ್ದೇ. ಆದರೆ ಬೇಡವೆನ್ನಲು ತುಂಬಿದ ಸಭೆ, ಏನು ಬೇಕೆಂದು ಬರೆಯಲು ತುಂಬಲಿಲ್ಲ. ಪರಿಸರ ಸಂಘಟನೆಗಳೂ ಈ ಮಾತಿಗೆ ಹೊರತಲ್ಲ. ಸಚಿವರಿಗೆ ಮನವಿ ಕೊಡಲು ರಾಜಧಾನಿಗೆ ಹೋಗುವ ಕಾರ್ಯಕರ್ತರಲ್ಲಿ, ತಮ್ಮದೇ ವಾರ್ಡಿನ ಸಭೆಯಲ್ಲಿ ಕೊನೆಯವರೆಗೆ ಕೂರುವವರು ಕೆಲವರೇ.

ಗ್ರಾಮಸಭೆಯ ಕೋರಂಗೆ ಮತದಾರರಲ್ಲಿ ಹತ್ತನೆಯ ಒಂದು ಪಾಲು ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಸಾಕು. ಮುಂದಿನ ಸಭೆಯ ನೋಟಿಸು ಬಂದಾಗ ದಾಖಲಾತಿ ಪುಸ್ತಕವನ್ನು ಸಭೆಯಲ್ಲಿ ಓದಬೇಕೆಂದೂ, ಉಪ್ಪಾಗೆ ಕೊಯ್ಲಿನ ದಿನ ನಿಗದಿಯಾಗಬೇಕೆಂದೂ ಎರಡು ಸಾಲಿನ ಅರ್ಜಿಯನ್ನು ಪಿಡಿಓ ಅವರಿಗೆ ಕೊಟ್ಟು ಸ್ವೀಕೃತಿ ಪಡೆಯಬಹುದು. ಕಾಯಿ ಬಲಿಯುವುದಕ್ಕೆ ಮುಂಚೆ, ಮಳೆ ಹಿಡಿಯುವುದರೊಳಗೆ ಆ ಸಭೆ ನಡೆಯಬೇಕು.